‘ರಿ’ ಬಲ್ಲವರಿಗೆ ‘ಯೊ’ ಹೊಸದಲ್ಲ

ನಮ್ಮ ಭಾಗದಲ್ಲಿ ಕೊರಿಯಾ ದೊಡ್ಡ ಸುದ್ದಿಯಾದದ್ದು ಉಕ್ಕಿನಿಂದ. ಕೊಪ್ಪಳದ ಪಕ್ಕದ ಗದಗ ಜಿಲ್ಲೆಯ ಹಳ್ಳಿಗುಡಿಯಲ್ಲಿ ಕಾರ್ಖಾನೆ ಕಟ್ಟಲು ಪೋಸ್ಕೊ ಕಂಪನಿ 2010ರಲ್ಲಿ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡಿತ್ತು. ರೈತರು, ಮಠಾಧೀಶರು ಬೀದಿಗಿಳಿದರು. 2013ರಲ್ಲಿ ಕಂಪನಿ ಯೋಜನೆ ಕೈಬಿಟ್ಟಿತು. ಈಗ ಅದೇ ಕೊರಿಯಾ ಧಾರಾವಾಹಿಯಾಗಿ, ಬಿಟಿಎಸ್ ಹಾಡಾಗಿ ಮೊಬೈಲಿನೊಳಗೆ ಬಂದು ಕೂತಿದೆ. ಈ ಸಲ ವಿರೋಧವಿಲ್ಲ, ಪರೀಕ್ಷೆ ಹತ್ತಿರ ಬಂದಾಗ ತಾಯಂದಿರು ಮಾಡುವುದನ್ನು ಬಿಟ್ಟರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಪ್ರೌಢಶಾಲೆಯಲ್ಲಿ ಕಲಿಯಬಹುದಾದ ವಿದೇಶಿ ಭಾಷೆಗಳ ಸಾಲಿನಲ್ಲಿ ಕೊರಿಯನ್ನನ್ನು ಹೆಸರಿಸಿದೆ.

ಕಲಿಯಲು ಕೂತವರ ಕೈಗೆ ಸಿಗುವ ಪುಸ್ತಕ, ವಿಡಿಯೊಗಳು ಬಹುಪಾಲು ಇಂಗ್ಲಿಷಿನವು. ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ ಎಂಬುದನ್ನೇ ಅವು ದೊಡ್ಡ ಬೆರಗಿನಂತೆ ವಿವರಿಸುತ್ತವೆ. ಯಲಬುರ್ಗಾದ ಹುಡುಗಿಗೆ ಅದರಲ್ಲಿ ಬೆರಗೇನು? ‘ಚಿಬೆ ಗಾಯೊ’ ಎಂದರೆ ‘ಮನೀಗೆ ಹೋಗ್ತೀನ್ರಿ’. ‘ಚಿಪ್’ ಮನೆ, ಅದಕ್ಕೆ ಹತ್ತಿದ ‘ಎ’ ನಮ್ಮ ‘ಗೆ’ ಪ್ರತ್ಯಯ. ತಿನ್ನು ಎಂಬುದಕ್ಕೆ ನೋಡು ಎಂಬುದನ್ನು ಸೇರಿಸಿ ‘ಮೊಗೊ ಬ್ವಾಯೊ’ ಎನ್ನುತ್ತಾರೆ. ನಾವು ‘ತಿಂದು ನೋಡ್ರಿ’ ಎಂದಂತೆಯೇ. ಹೋಗ್ತೀನಿ, ಹೋಗ್ತಾನ, ಹೋಗ್ತಾಳ ಎಂಬ ಭೇದ ಅಲ್ಲಿಲ್ಲ. ಎಲ್ಲಕ್ಕೂ ‘ಕಾಯೊ’ ಒಂದೇ. ಅಷ್ಟು ಹೊರೆ ಕಡಿಮೆ.

ಇನ್ನು ಆ ‘ಯೊ’. ಪುಸ್ತಕಗಳು ಇದನ್ನು ಸೌಜನ್ಯಸೂಚಕ ಎಂದು ಕರೆದು ಪುಟ ತುಂಬಿಸುತ್ತವೆ. ಕುಷ್ಟಗಿಯ ಸಂತೆಯಲ್ಲಿ ನಿಂತವರಿಗೆ ಅದು ನಮ್ಮ ‘ರಿ’. ‘ವೆ?’ ಎಂದರೆ ‘ಯಾಕ?’, ‘ವೆಯೊ?’ ಎಂದರೆ ‘ಯಾಕ್ರಿ?’. ಗೆಳೆಯರ ನಡುವೆ ಎರಡೂ ಕಡೆ ಬಾಲ ಉದುರುತ್ತದೆ. ಆದರೆ ಹಿರಿಯರು ಹೋಗುವುದನ್ನು ಹೇಳುವಾಗ ಬರೀ ‘ಯೊ’ ಸಾಲದು, ಕ್ರಿಯಾಪದದೊಳಕ್ಕೂ ಗೌರವ ಸೇರಬೇಕು. ಆಗ ‘ಕಾಯೊ’ ‘ಕಾಸೆಯೊ’ ಆಗುತ್ತದೆ.

ಇಷ್ಟು ಹೋಲಿಕೆ ಕಂಡು ಅಮೆರಿಕದ ಮಿಷನರಿ ಹೋಮರ್ ಹಲ್ಬರ್ಟ್ 1905ರಲ್ಲಿ ಕೊರಿಯನ್–ದ್ರಾವಿಡ ತೌಲನಿಕ ವ್ಯಾಕರಣವನ್ನೇ ಬರೆದ. ಅಪ್ಪನಿಗೆ ಅವರೂ ‘ಆಪ್ಪಾ’ ಎನ್ನುವುದನ್ನು ತೋರಿಸಿ ಇಂದಿಗೂ ಪುಳಕಗೊಳ್ಳುವವರಿದ್ದಾರೆ. ಭಾಷಾವಿಜ್ಞಾನಿಗಳು ಆ ನಂಟನ್ನು ಒಪ್ಪಿಲ್ಲ. ಜಪಾನಿ, ತುರ್ಕಿ ವಾಕ್ಯಗಳೂ ಹೀಗೇ ನಡೆಯುತ್ತವೆ. ಕಲಿಯುವವರಿಗೆ ನಂಟು ಬೇಡ, ಹೋಲಿಕೆ ಸಾಕು.

ಕಷ್ಟ ಇರುವುದು ಬಾಯಲ್ಲಿ. ಕೊರಿಯನ್ನರಿಗೆ ಕ, ಗ ಬೇರೆ ಅಕ್ಷರಗಳಲ್ಲ. ಪದದ ಮೊದಲಲ್ಲಿ ಕ, ಸ್ವರಗಳ ನಡುವೆ ಗ. ‘ಚಿಪ್’ ಹೋಗಿ ‘ಚಿಬೆ’ ಆದದ್ದು, ‘ಕಾಯೊ’ ಹೋಗಿ ‘ಗಾಯೊ’ ಆದದ್ದು ಹಾಗೆ. ಬದಲಿಗೆ ಅವರಲ್ಲಿ ಮೂರು ಬಗೆಯ ಬಿಗಿತವಿದೆ: ‘ತಾಲ್’ ಚಂದ್ರ, ‘ತ್ತಾಲ್’ ಮಗಳು, ‘ಥಾಲ್’ ಮುಖವಾಡ. ಮೂರನೆಯದು ‘ಖರೇ’ ಎನ್ನುವ ನಾಲಿಗೆಗೆ ಒಲಿಯುತ್ತದೆ. ತುಟಿಯೆದುರು ಹಿಡಿದ ಕಾಗದ ಅಲುಗಬೇಕು. ಎರಡನೆಯದರಲ್ಲಿ ಗಂಟಲು ಬಿಗಿಯಬೇಕು, ಉಸಿರು ಹೊರಡಬಾರದು. ಸೋಲ್ ನಗರದ ಯುವಜನರಲ್ಲಿ ಚಂದ್ರ, ಮುಖವಾಡಗಳ ಅಂತರ ಈಗ ಹೆಚ್ಚಾಗಿ ದನಿಯ ಏರಿಳಿತದಲ್ಲಿದೆ. ಚಂದ್ರನಿಗೆ ತಗ್ಗಿದ ದನಿ.

ಅನ್ನಕ್ಕೆ ‘ಪಾಪ್’. ಕೊನೆಯಲ್ಲಿ ತುಟಿ ಮುಚ್ಚಿ ಹಾಗೇ ಬಿಡಬೇಕು. ಸ್ವರವಿಲ್ಲದೆ ಪದ ಮುಗಿಸಿ ರೂಢಿಯಿಲ್ಲದ ನಾವು ‘ಪಾಪ್ಪು’ ಎಂದುಬಿಡುತ್ತೇವೆ. ಅವರೂ ಕಡಿಮೆಯಿಲ್ಲ, ಬಸ್ಸಿಗೆ ‘ಪೊಸು’ ಎನ್ನುತ್ತಾರೆ. ಅಲ್ಲಿಯ ‘ಉ’ವನ್ನು ಮಾತ್ರ ತುಟಿ ದುಂಡಾಗಿಸದೆ, ಹಲ್ಲು ಕಿರಿದಂತೆ ಹೇಳಬೇಕು. ‘ಹಾಪ್’ ಮುಂದೆ ‘ನಿದಾ’ ಬಂದರೆ ‘ಹಾಮ್ನಿದಾ’. ವಾಕ್ ಮತ್ತು ಮಯ ಸೇರಿ ವಾಙ್ಮಯ ಆಗುವುದನ್ನು ಹೈಸ್ಕೂಲಿನಲ್ಲೇ ಉರು ಹೊಡೆದವರಿಗೆ ಇದು ಅನುನಾಸಿಕ ಸಂಧಿ, ಅಷ್ಟೆ.

ಇದನ್ನೆಲ್ಲ ರೋಮನ್ ಅಕ್ಷರದಲ್ಲಿ ಕಲಿಯುವುದು ಹಾಳು ಕೆಲಸ. ಕನ್ನಡ ಲಿಪಿಯೂ ಒರಟು ಊರುಗೋಲೇ. ಸೆಜೊಂಗ್ ದೊರೆ 1443ರಲ್ಲಿ ರೂಪಿಸಿ 1446ರಲ್ಲಿ ಪ್ರಕಟಿಸಿದ ಹಂಗುಲ್ ಲಿಪಿಯಲ್ಲಿ ಈಗ ಮೂಲಾಕ್ಷರ 24 ಮಾತ್ರ. ಮ ಬಾಯಿಯಾಕಾರದ ಚೌಕ. ನ ಬರೆದರೆ ಮೇಲಿನ ಅಂಗುಳಿಗೆ ತಾಗಿದ ನಾಲಿಗೆಯ ಗೆರೆ. ಮಹಾಪ್ರಾಣ ಬೇಕಾದರೆ ಇನ್ನೊಂದು ಗೆರೆ, ಬಿಗಿ ಬೇಕಾದರೆ ಅಕ್ಷರ ಜೋಡಿ. ಕಂಠ್ಯ, ದಂತ್ಯ, ಓಷ್ಠ್ಯ ಎಂದು ವರ್ಗ ಕಟ್ಟಿದ ನಮಗೆ ಅದರ ತರ್ಕ ಬೇಗ ಹಿಡಿಯುತ್ತದೆ.

ಟಾಪಿಕ್ ಎಂಬ ಅಧಿಕೃತ ಪರೀಕ್ಷೆಯ ಮೊದಲ ಹಂತದಲ್ಲಿ ಕೇಳಿಸಿಕೊಳ್ಳುವುದು, ಓದುವುದು ಎರಡೇ, ಮಾತಾಡಿಸುವುದಿಲ್ಲ. ಅದನ್ನು ಪಾಸು ಮಾಡಿಯೂ ಚಂದ್ರನಿಗೆ ಮುಖವಾಡ ಎನ್ನುವವರು ಇರಬಲ್ಲರು. ಹಾಗಾಗಿ ಕಾಗದದ ತುಂಡೊಂದನ್ನು ಹಿಡಿದು, ಮೊಬೈಲಿನಲ್ಲಿ ತಮ್ಮ ದನಿಯನ್ನೇ ರೆಕಾರ್ಡ್ ಮಾಡಿ, ಧಾರಾವಾಹಿಯ ದನಿಗೆ ಹೋಲಿಸಿ ನೋಡುವ ಕೆಲಸ ಕಲಿಯುವವರ ಪಾಲಿಗೇ ಉಳಿಯುತ್ತದೆ.