‘ಮಂಗಸೂಳಿ’ಯಲ್ಲಿ ಅಕ್ಷರಗಳೆಷ್ಟು? ಗಣಕದ ಲೆಕ್ಕವೇ ಬೇರೆ

ಕಾಗವಾಡ ತಾಲ್ಲೂಕಿನ ಮಂಗಸೂಳಿಯು ಖಂಡೋಬಾ ದೇವಸ್ಥಾನದಿಂದಾಗಿ ಕರ್ನಾಟಕ, ಮಹಾರಾಷ್ಟ್ರಗಳೆರಡರಲ್ಲೂ ಪರಿಚಿತವಾಗಿರುವ ಊರು. ಈ ಹೆಸರಿನಲ್ಲಿ ಅಕ್ಷರಗಳೆಷ್ಟೆಂದು ಶಾಲಾ ಬಾಲಕನನ್ನು ಕೇಳಿದರೆ ಮಂ, ಗ, ಸೂ, ಳಿ ಎಂದು ನಾಲ್ಕು ಬೆರಳು ಮಡಚುತ್ತಾನೆ. ಜಾವಾ, ರೂಬಿ, ಪೈಥಾನ್ ಭಾಷೆಗಳನ್ನು ಕೇಳಿದರೆ 7 ಎಂಬ ಉತ್ತರ ಬರುತ್ತದೆ. ಯುನಿಕೋಡ್ ವ್ಯವಸ್ಥೆಯಲ್ಲಿ ಅನುಸ್ವಾರಕ್ಕೂ ಸ್ವರಚಿಹ್ನೆಗಳಿಗೂ ಪ್ರತ್ಯೇಕ ಸಂಕೇತಗಳಿರುವುದೇ ಇದಕ್ಕೆ ಕಾರಣ. ಮೂರಕ್ಷರದ ಚಿಕ್ಕೋಡಿಯಲ್ಲಂತೂ ಸಂಕೇತಗಳು 8.

ಇದು ಕೇವಲ ಲೆಕ್ಕದ ತಮಾಷೆಯಲ್ಲ. ಅರ್ಜಿಯೊಂದರ ಅಂಕಣಕ್ಕೆ ಆರು ಸಂಕೇತಗಳ ಮಿತಿಯಿದ್ದರೆ ಊರು ‘ಮಂಗಸೂಳ’ ಆಗುತ್ತದೆ. ಮೂರಕ್ಕೇ ಕತ್ತರಿಸಿದರೆ ಉಳಿಯುವುದು ‘ಮಂಗ’! ದಾಖಲೆಯಲ್ಲಿ ಹೆಸರು ಹೀಗೆ ತುಂಡಾದರೆ ಅದನ್ನು ಸರಿಪಡಿಸಲು ಅಲೆಯಬೇಕಾದವನು ಅರ್ಜಿದಾರನೇ.

ಪರಿಹಾರವೇನೋ ಸರಳವೆಂದು ತೋರುತ್ತದೆ. ಪಠ್ಯವನ್ನು ನಿರ್ವಹಿಸುವ ‘ಸ್ಟ್ರಿಂಗ್’ ಎಂಬ ವರ್ಗ, ಅಂದರೆ ಕ್ಲಾಸ್, ಪ್ರೋಗ್ರಾಮಿಂಗ್ ಭಾಷೆಯೊಂದಿಗೇ ಬರುತ್ತದೆ. ಅದಕ್ಕೆ ಕನ್ನಡದ ಎಣಿಕೆಯನ್ನು ಕಲಿಸಿದರಾಯಿತು. ಆದರೆ ಎಲ್ಲರೂ ಬಳಸುವ ಇಂತಹ ಮೂಲ ವರ್ಗಕ್ಕೆ ಹೇಗೆ ಕೈಹಾಕಬೇಕೆಂಬ ಬಗ್ಗೆ ಭಾಷೆಗಳಲ್ಲೇ ಒಮ್ಮತವಿಲ್ಲ. ಜಾವಾದಲ್ಲಿ ಸ್ಟ್ರಿಂಗ್ ವರ್ಗದಿಂದ ಉಪವರ್ಗವನ್ನೂ ರಚಿಸುವಂತಿಲ್ಲ. ಪೈಥಾನ್ ಕೂಡ ತನ್ನ ಮೂಲ ಪಠ್ಯವರ್ಗಕ್ಕೆ ಹೊಸದನ್ನು ಸೇರಿಸಗೊಡುವುದಿಲ್ಲ. ಅಲ್ಲಿ ಪ್ರತ್ಯೇಕ ಸಹಾಯಕ ಫಂಕ್ಷನ್ ಬರೆಯುವುದೇ ರೂಢಿ.

ರೂಬಿಯ ಸ್ವಭಾವ ಇದಕ್ಕೆ ತದ್ವಿರುದ್ಧ. ಯುಕಿಹಿರೊ ಮತ್ಸುಮೊಟೊ ರೂಪಿಸಿ 1995ರಲ್ಲಿ ಹೊರಬಂದ ಈ ಭಾಷೆಯಲ್ಲಿ ಮೂಲ ವರ್ಗವನ್ನು ಯಾರು ಬೇಕಾದರೂ ಮತ್ತೆ ತೆರೆದು ತಿದ್ದಬಹುದು. ಉದ್ದವನ್ನು ಹೇಳುವ ‘ಲೆಂಗ್ತ್’ ಮೆಥಡ್ ಅನ್ನೇ ಬದಲಿಸಿ 4 ಎಂದು ಹೇಳಿಸುವುದೂ ಸಾಧ್ಯ. ಆದರೆ 7 ಎಂಬ ಉತ್ತರವನ್ನೇ ನಂಬಿರುವ ಬೇರೆ ತಂತ್ರಾಂಶಗಳು ಅದೇ ಗಣಕದಲ್ಲಿರುತ್ತವೆ. ಒಬ್ಬರು ಮಾಡಿದ ತಿದ್ದುಪಡಿ ಎಲ್ಲರ ಮೇಲೂ ಜಾರಿಯಾಗುತ್ತದೆ. ಇದು ಅನುಕೂಲಕ್ಕಿಂತ ಅಪಾಯವೇ ಸರಿ.

ಹೊಸ ಹೆಸರಿಟ್ಟರೂ ಅಪಾಯ ಪೂರ್ತಿ ತಪ್ಪದೆಂಬುದಕ್ಕೆ ಜಾವಾಸ್ಕ್ರಿಪ್ಟ್ ಸಾಕ್ಷಿ. ‘ಮೂಟೂಲ್ಸ್’ ಎಂಬ ತಂತ್ರಾಂಶ ಸಂಗ್ರಹವು ಪಟ್ಟಿಗಳನ್ನು ನಿರ್ವಹಿಸುವ ‘ಅರೇ’ ವರ್ಗಕ್ಕೆ ‘ಫ್ಲಾಟನ್’ ಎಂಬ ಮೆಥಡ್ ಸೇರಿಸಿತ್ತು. ಬಹಳ ಕಾಲದ ನಂತರ, ಭಾಷೆಯಲ್ಲಿಯೇ ಅದೇ ಹೆಸರಿನ ಮೆಥಡ್ ಸೇರಿಸಲು ಹೊರಟಾಗ ಮೂಟೂಲ್ಸ್ ನಂಬಿದ್ದ ಹಳೆಯ ಜಾಲತಾಣ ಕೆಟ್ಟುನಿಂತಿತು. 2018ರಲ್ಲಿ ಇದು ದೊಡ್ಡ ವಾಗ್ವಾದಕ್ಕೆ ಕಾರಣವಾಗಿ, ‘ಸ್ಮೂಶ್’ ಎಂಬ ಬದಲಿ ಹೆಸರನ್ನು ತಮಾಷೆಗಾಗಿ ಸೂಚಿಸಿದವರೂ ಇದ್ದರು. ಕೊನೆಗೆ ಉಳಿದುಕೊಂಡ ಹೆಸರು ‘ಫ್ಲಾಟ್’.

ಈ ಎರಡು ತುದಿಗಳ ನಡುವೆ ಮೂರನೆಯ ದಾರಿಯಿದೆ. ರೂಬಿಯು 2013ರ 2.0 ಆವೃತ್ತಿಯಲ್ಲಿ ‘ರಿಫೈನ್‌ಮೆಂಟ್ಸ್’ ಎಂಬ ವ್ಯವಸ್ಥೆಯನ್ನು ಪ್ರಾಯೋಗಿಕವಾಗಿ ತಂದಿತು. ತಿದ್ದುಪಡಿಯನ್ನು ಕೋರಿದ ಕಡತದಲ್ಲಿ ಮಾತ್ರ ಅದು ಜಾರಿಯಾಗುತ್ತದೆ. ಪಕ್ಕದವರ ಕಡತಕ್ಕೆ ಅದರ ಸೋಂಕಿಲ್ಲ. ಸಿ-ಶಾರ್ಪ್ ಭಾಷೆಯು 2007ರಲ್ಲೇ ‘ಎಕ್ಸ್‌ಟೆನ್ಶನ್ ಮೆಥಡ್’ಗಳನ್ನು ಒದಗಿಸಿತ್ತು. ಅವು ನೋಡಲು ವರ್ಗದೊಳಗಿನವೇ ಎನಿಸಿದರೂ ವಾಸ್ತವವಾಗಿ ಹೊರಗಿನ ಫಂಕ್ಷನ್‌ಗಳು.

ಕನ್ನಡದ ಮಟ್ಟಿಗೆ ಈ ಮೂರನೆಯ ದಾರಿಯೇ ಲೇಸು. ಹಳೆಯ ಎಣಿಕೆಯನ್ನು ಅಳಿಸಬೇಕಾಗಿಯೂ ಇಲ್ಲ: ಯುಟಿಎಫ್-8 ಕ್ರಮದಲ್ಲಿ ಮಂಗಸೂಳಿಯನ್ನು ಉಳಿಸಿಡಲು 21 ಬೈಟ್ ಬೇಕು, ದತ್ತಾಂಶ ಸಂಗ್ರಹಕ್ಕೆ ಬೇಕಾದುದು ಆ ಲೆಕ್ಕವೇ. ಓದುಗರಿಗಾಗಿ ‘ಅಕ್ಷರಸಂಖ್ಯೆ’ ಎಂಬಂತಹ ಬೇರೆಯದೇ ಹೆಸರಿನ ಮೆಥಡ್ ಸಾಕು. ಆದರೆ ಒಂದು ಎಚ್ಚರಿಕೆ ಅಗತ್ಯ. ಸಿ-ಶಾರ್ಪ್‌ನ ಮೂಲ ವರ್ಗದಲ್ಲಿ ಮುಂದೆಂದಾದರೂ ಅದೇ ಹೆಸರು, ಅದೇ ಸ್ವರೂಪದ ಮೆಥಡ್ ಬಂದರೆ, ತಂತ್ರಾಂಶವನ್ನು ಮರಳಿ ಕಂಪೈಲ್ ಮಾಡಿದಾಗ ಹೊರಗಿನದು ಸದ್ದಿಲ್ಲದೆ ಬದಿಗೆ ಸರಿದು, ಮೂಲ ವರ್ಗದ್ದೇ ನಡೆಯುತ್ತದೆ.