ಹೊಗೆಯೊಳಗಿನ ನೀರು, ನೀರಿನೊಳಗಿನ ಕಾವು

ಉತ್ತರ ಅಮೆರಿಕದ ಮಿನ್ನೆಸೋಟ, ಒಂಟಾರಿಯೊ ಮೊದಲಾದ ಪ್ರಾಂತಗಳಲ್ಲಿ ಮಾಗಿಯ ಇರುಳು ಉಷ್ಣತೆಯು ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ಇಳಿಯುವುದುಂಟು. ಅಂಥ ಶೀತದಲ್ಲಿ ಮನೆಯನ್ನು ವಾಸಯೋಗ್ಯವಾಗಿ ಉಳಿಸುವುದು, ನೆಲಮಾಳಿಗೆಯ ಮೂಲೆಯಲ್ಲಿ ನಿಂತು, ನೈಸರ್ಗಿಕ ಅನಿಲವನ್ನು ಉರಿಸಿ, ಉರಿಯ ಶಾಖವನ್ನು ಲೋಹದ ಕೊಳವೆಗಳ ಮೂಲಕ ಗಾಳಿಗೆ ಒಪ್ಪಿಸಿ, ಆ ಬಿಸಿಗಾಳಿಯನ್ನು ಕೋಣೆಕೋಣೆಗೂ ಅಟ್ಟುವ ಫರ್ನೇಸ್ ಎಂಬ ಯಂತ್ರ. ಬಚ್ಚಲೊಲೆಯ ಬಿಸಿಗಿಂತ ಹೆಚ್ಚಿನದನ್ನು ಬೇಡದ ನಾಡಿನಿಂದ ಹೋಗಿ ಅಲ್ಲಿ ನೆಲಸಿದ ಕನ್ನಡಿಗರಿಗೂ ಅದರ ಒಳಗುಟ್ಟನ್ನು ಅರಿಯುವುದು ಅವಶ್ಯ.

ಹಳೆಯ ಮಾದರಿಯ ಫರ್ನೇಸುಗಳಲ್ಲಿ ಇಂಧನದ ಶಾಖದ ನೂರರಲ್ಲಿ 60–70 ಪಾಲು ಮಾತ್ರ ಮನೆಗೆ ದಕ್ಕುತ್ತಿತ್ತು. ಹೊಗೆಯು ತನ್ನ ಬಿಸಿಯ ಬಲದಿಂದಲೇ ಚಿಮಣಿಯನ್ನೇರಬೇಕಾಗಿದ್ದುದರಿಂದ ಅದನ್ನು ತೀರ ತಣಿಸುವಂತಿರಲಿಲ್ಲ. ಇದಲ್ಲದೆ ಕಣ್ಣಿಗೆ ಕಾಣದ ಇನ್ನೊಂದು ನಷ್ಟವೂ ಇತ್ತು. ಅನಿಲದ ಮುಖ್ಯ ಘಟಕವಾದ ಮೀಥೇನ್ ಉರಿಯುವಾಗ ಅದರಲ್ಲಿನ ಜಲಜನಕವು ಗಾಳಿಯ ಆಮ್ಲಜನಕದೊಡನೆ ಕೂಡಿ ನೀರಾಗುತ್ತದೆ. ಒಂದು ಕಿಲೋಗ್ರಾಂ ಮೀಥೇನಿನಿಂದ ಎರಡೂಕಾಲು ಕಿಲೋಗ್ರಾಂ ನೀರು ಹುಟ್ಟಿ, ಆವಿಯ ರೂಪದಲ್ಲಿ ಹೊಗೆಯೊಡನೆ ಬೆರೆಯುತ್ತದೆ. ಇಡ್ಲಿ ಪಾತ್ರೆಯ ಹಬೆಯು ಕುದಿನೀರಿಗಿಂತ ಕೈಯನ್ನು ಹೆಚ್ಚು ಸುಡುವುದಕ್ಕೆ ಯಾವುದು ಕಾರಣವೋ, 18ನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಯಾವುದನ್ನು ಪ್ರಯೋಗದಿಂದ ತೋರಿಸಿಕೊಟ್ಟನೋ, ಆ ಗುಪ್ತೋಷ್ಣವು ಈ ಆವಿಯಲ್ಲಿ ಅಡಗಿರುತ್ತದೆ. ಇಂಧನದ ಒಟ್ಟು ಶಾಖದಲ್ಲಿ ಇದರ ಪಾಲು ಸುಮಾರು ಹತ್ತರಲ್ಲೊಂದು.

ಹೆಚ್ಚು ದಕ್ಷತೆಯ ಫರ್ನೇಸು ಈ ಹತ್ತನೆಯ ಪಾಲನ್ನು ಬಿಟ್ಟುಕೊಡುವುದಿಲ್ಲ. ಮೊದಲನೆಯ ಉಷ್ಣವಿನಿಮಯಕವನ್ನು ದಾಟಿ ಬಂದ ಹೊಗೆಯು ಎರಡನೆಯದೊಂದನ್ನು ಹೊಕ್ಕು, ಅಲ್ಲಿ ಕೋಣೆಗಳಿಂದ ಮರಳಿದ ತಂಪು ಗಾಳಿಗೆ ತನ್ನ ಕಾವನ್ನು ಕೊಡುತ್ತ 55 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಕ್ಕೆ ತಣಿದೊಡನೆ, ಆವಿಯು ನೀರಾಗಿ, ಗುಪ್ತೋಷ್ಣವು ಮನೆಯದಾಗುತ್ತದೆ. ಹೀಗೆ ಉಳಿದ ಹೊಗೆಯು ತಾನಾಗಿ ಮೇಲೇರದಷ್ಟು ತಣ್ಣಗಾಗಿರುವುದರಿಂದ ಅದನ್ನು ಹೊರದೂಡಲು ಪುಟ್ಟ ಫ್ಯಾನೊಂದು ಬೇಕು. ಇಟ್ಟಿಗೆಯ ಚಿಮಣಿಗೆ ಬದಲಾಗಿ ಪ್ಲಾಸ್ಟಿಕ್ ಕೊಳವೆ ಸಾಕು. ಕೆನಡಾ ದೇಶವು 2010ರ ಹೊತ್ತಿಗೆ ಮನೆಗಳ ಹೊಸ ಅನಿಲ ಫರ್ನೇಸುಗಳಿಗೆ ನೂರಕ್ಕೆ 90ರಷ್ಟಾದರೂ ದಕ್ಷತೆ ಇರಬೇಕೆಂದು ವಿಧಿಸಿತ್ತು. ನೂರಕ್ಕೆ 80ರ ಯಂತ್ರವನ್ನು ತೆಗೆದು 95ರದನ್ನು ಕೂರಿಸಿದರೆ, ಅದೇ ಬೆಚ್ಚನೆಗೆ ಇಂಧನವು ನೂರರಲ್ಲಿ ಸುಮಾರು 16 ಪಾಲು ಕಡಮೆಯಾಗುವುದು ಲೆಕ್ಕದಿಂದಲೇ ತಿಳಿಯುತ್ತದೆ.

ಆದರೆ ಲಾಭವನ್ನು ತಂದ ನೀರೇ ಉಪಚಾರವನ್ನೂ ಬೇಡುತ್ತದೆ. ಹೊಗೆಯಲ್ಲಿನ ಅನಿಲಗಳು ಕರಗಿರುವುದರಿಂದ ಅದು ಆಮ್ಲೀಯ. ಈ ಕಾರಣಕ್ಕೇ ಎರಡನೆಯ ವಿನಿಮಯಕವನ್ನು ತುಕ್ಕು ಹಿಡಿಯದ ಉಕ್ಕಿನಿಂದ ಮಾಡುವುದು ವಾಡಿಕೆ. ನೀರು ಹರಿದುಹೋಗುವ ಕೊಳವೆಯು ಕೊಳೆಯಿಂದ ಕಟ್ಟಿಕೊಂಡರೆ ಅಥವಾ ಹೊರಬದಿಯಲ್ಲಿ ಹೆಪ್ಪುಗಟ್ಟಿದರೆ, ರಕ್ಷಣೆಯ ಸ್ವಿಚ್ಚು ಉರಿಯನ್ನು ಆರಿಸಿಬಿಡುತ್ತದೆ. ಅದೂ ಚಳಿ ಕಡುವಾಗಿರುವ ದಿನವೇ. ಆದಕಾರಣ ವರ್ಷಕ್ಕೊಮ್ಮೆ, ಎಲೆಯುದುರುವ ಕಾಲದಲ್ಲಿಯೇ, ಬಲ್ಲ ತಂತ್ರಜ್ಞನಿಂದ ಈ ಕೊಳವೆಯನ್ನು ತೊಳೆಸಿ, ಉರಿಯ ಇರವನ್ನು ಅರಿಯುವ ಕಡ್ಡಿಯ ಮೇಲಿನ ಕಿಟ್ಟವನ್ನು ತೆಗೆಸಿ, ವಿನಿಮಯಕದಲ್ಲಿ ಬಿರುಕಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಉಳಿದುದು ಮನೆಯವರ ಕೆಲಸ. ಗಾಳಿಯ ಫಿಲ್ಟರಿನಲ್ಲಿ ಧೂಳು ತುಂಬಿದರೆ ಗಾಳಿಯ ಹರಿವು ಕುಗ್ಗಿ, ವಿನಿಮಯಕವು ಮಿತಿಮೀರಿ ಕಾದು, ಶಾಖವು ಹೊಗೆಯ ಪಾಲಾಗುತ್ತದೆ. ಆದ್ದರಿಂದ ಅದನ್ನು ತಿಂಗಳಿಗೊಮ್ಮೆ ನೋಡಿ, ಕೊಳೆಯಾಗಿದ್ದರೆ ಬದಲಾಯಿಸುವುದು ಒಳ್ಳೆಯದು. ಗೋಡೆಯಾಚೆ ಚಾಚಿರುವ ಪ್ಲಾಸ್ಟಿಕ್ ಕೊಳವೆಗಳ ಬಾಯಿ ಹಿಮದಲ್ಲಿ ಹೂತುಹೋಗದಂತೆ ಪ್ರತಿ ಹಿಮಪಾತದ ತರುವಾಯವೂ ನೋಡಿಕೊಳ್ಳಬೇಕು. ವಾಸನೆಯಿಲ್ಲದೆ ಪ್ರಾಣಹರಣ ಮಾಡುವ ಕಾರ್ಬನ್ ಮಾನಾಕ್ಸೈಡನ್ನು ಕಂಡು ಕೂಗುವ ಅಲಾರಮ್ಮು ಮಲಗುವ ಕೋಣೆಗಳ ಸಮೀಪ ಇರಲೇಬೇಕು. ಇದರಲ್ಲಿ ಉಳಿತಾಯದ ಎಣಿಕೆ ಸಲ್ಲದು.

ನೂರಕ್ಕೆ 95 ಎಂಬ ಅಂಕೆಯು ಪ್ರಯೋಗಾಲಯದಲ್ಲಿ ಯಂತ್ರವನ್ನಷ್ಟೇ ಅಳೆದು ಕೊಟ್ಟದ್ದು; ಅದರಲ್ಲಿ ಮನೆಯ ನಾಳಗಳ ಸೋರಿಕೆ ಸೇರಿಲ್ಲ. ಬಿಸಿಗಾಳಿಯ ನಾಳಗಳು ತಣ್ಣನೆಯ ಅಟ್ಟದಲ್ಲಿ ಸಂದು ಬಿಟ್ಟಿದ್ದರೆ, ಆವಿಯಿಂದ ಹಿಂಡಿ ತೆಗೆದ ಹತ್ತನೆಯ ಪಾಲು ಅಲ್ಲಿಯೇ ವ್ಯರ್ಥವಾಗುತ್ತದೆ. ಹೊಸ ಫರ್ನೇಸನ್ನು ಕೊಳ್ಳುವವರು ಅದರ ಬೆಲೆಯೊಡನೆ ನಾಳಗಳ ಸಂದುಗಳನ್ನು ಮುಚ್ಚಿಸುವ ವೆಚ್ಚವನ್ನೂ ವರ್ಷದ ತಪಾಸಣೆಯ ವೆಚ್ಚವನ್ನೂ ಮೊದಲೇ ಕೂಡಿಸಿಕೊಳ್ಳುವುದು ವಿವೇಕ.