ಸುಸ್ತಾದ ಎಸ್‌ಎಂಪಿಎಸ್ ಪತ್ತೆಹಚ್ಚುವ ಕಸುಬು

ರಾತ್ರಿಯವರೆಗೂ ಚೆನ್ನಾಗಿದ್ದ ಹಳೆಯ ಡೆಸ್ಕ್‌ಟಾಪ್, ಕರೆಂಟು ಹೋಗಿ ಬಂದ ಮೇಲೆ ಏಳುವುದೇ ಇಲ್ಲ. ಬಟನ್ ಒತ್ತಿದರೆ ಫ್ಯಾನು ಒಮ್ಮೆ ಅಲುಗಾಡಿ ನಿಲ್ಲುತ್ತದೆ. ಮದರ್‌ಬೋರ್ಡ್ ಹೋಯಿತೆಂದುಕೊಂಡು ಮನೆಯವರು ಹೊಸ ಕಂಪ್ಯೂಟರಿನ ಬೆಲೆ ವಿಚಾರಿಸತೊಡಗುತ್ತಾರೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಾಗಲಿ, ತಾಲ್ಲೂಕು ಕೇಂದ್ರದ ಪುಟ್ಟ ಅಂಗಡಿಯಲ್ಲಾಗಲಿ, ಕಸುಬು ಬಲ್ಲ ರಿಪೇರಿಯವರು ಮೊದಲು ಅನುಮಾನಪಡುವುದು ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಡಬ್ಬಿಯಾದ ಎಸ್‌ಎಂಪಿಎಸ್ ಮೇಲೆ.

ಗೋಡೆಯ 230 ವೋಲ್ಟ್ ಎಸಿಯನ್ನು ಈ ಡಬ್ಬಿ ಮೊದಲು ಸುಮಾರು 325 ವೋಲ್ಟ್ ಡಿಸಿಯಾಗಿ ಮಾಡಿಕೊಳ್ಳುತ್ತದೆ. ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು, ಟ್ರಾನ್ಸ್‌ಫಾರ್ಮರ್ ಮೂಲಕ ಇಳಿಸಿ, 12, 5 ಮತ್ತು 3.3 ವೋಲ್ಟ್‌ಗಳಾಗಿ ಹಂಚುತ್ತದೆ. ಹೀಗೆ ಬಂದ ಕರೆಂಟಿನ ಏರಿಳಿತವನ್ನು ಸಮಮಾಡುವವು ಕೆಪಾಸಿಟರ್‌ಗಳು. ಮೊದಲು ಮುಪ್ಪಾಗುವವೂ ಅವೇ. ಒಳಗಿನ ದ್ರವ ಬಿಸಿಗೆ ಆರುತ್ತ ಬರುತ್ತದೆ. ಹತ್ತು ಡಿಗ್ರಿ ಸೆಲ್ಸಿಯಸ್ ಹೆಚ್ಚಿದರೆ ಆಯಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ. ಫ್ಯಾನಿನಲ್ಲಿ ದೂಳು ಕಟ್ಟಿದ್ದರೆ ಇನ್ನೂ ಬೇಗ. 2000ದ ಆಸುಪಾಸಿನಲ್ಲಿ ದೋಷವಿದ್ದ ದ್ರವ ತುಂಬಿದ ಕೆಪಾಸಿಟರ್‌ಗಳು ಜಗತ್ತಿನ ತುಂಬ ಊದಿ ಸೋರಿದವು. ಆ ಕಾಲದ ಪೆಟ್ಟಿಗೆ ತೆರೆದಾಗ ತಲೆ ಊದಿದವನ್ನು ಈಗಲೂ ಕಾಣಬಹುದು. ಆದರೆ ಊದದೆಯೇ ಒಳಗೊಳಗೆ ಒಣಗಿದವೂ ಇರುತ್ತವೆ, ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ.

ಕರೆಂಟು ಹೋಗಿ ಬಂದ ಮೇಲೆಯೇ ಏಕೆ ಕೆಡಬೇಕು? ಕಂಪ್ಯೂಟರ್ ಆಫ್ ಆಗಿದ್ದರೂ ಪ್ಲಗ್‌ನಲ್ಲಿ ವಿದ್ಯುತ್ ಇರುವಷ್ಟು ಹೊತ್ತು ನೇರಳೆ ತಂತಿಯಲ್ಲಿ 5 ವೋಲ್ಟ್ ಹರಿಯುತ್ತಿರುತ್ತದೆ. ಆ ಸ್ಟ್ಯಾಂಡ್‌ಬೈ ಸರ್ಕ್ಯೂಟಿನ ಸಣ್ಣ ಕೆಪಾಸಿಟರ್‌ಗಳಿಗೆ ಹಗಲುರಾತ್ರಿ ಬಿಡುವಿಲ್ಲ. ಬಲ ಕುಂದಿದ್ದರೂ ಹೇಗೋ ನಡೆಸಿಕೊಂಡು ಹೋಗುತ್ತವೆ. ಒಮ್ಮೆ ಪೂರ್ತಿ ನಿಂತು ತಣ್ಣಗಾದರೆ ಮತ್ತೆ ಶುರುಮಾಡುವ ಶಕ್ತಿ ಇರುವುದಿಲ್ಲ. ಆದ್ದರಿಂದ ಬಲ್ಲವರು ಮಲ್ಟಿಮೀಟರ್ ಹಿಡಿದು ಮೊದಲು ನೋಡುವುದು ನೇರಳೆ ತಂತಿಯನ್ನು. 4.75ಕ್ಕಿಂತ ಕೆಳಗಿದ್ದರೆ ಮದರ್‌ಬೋರ್ಡಿನ ಮಾತೆತ್ತುವ ಮುನ್ನ ಇದನ್ನೇ ಸರಿಮಾಡಬೇಕು.

ಮುಂದಿನ ಹಂತದಲ್ಲಿ ಡಬ್ಬಿಯನ್ನು ಹೊರತೆಗೆದು, ಹಸಿರು ತಂತಿಯನ್ನು ಕಪ್ಪಿಗೆ ಸೇರಿಸಿ ಆನ್ ಮಾಡುತ್ತಾರೆ. ಹಳದಿಯಲ್ಲಿ 11.4ರಿಂದ 12.6 ವೋಲ್ಟ್, ಕೆಂಪಿನಲ್ಲಿ 4.75ರಿಂದ 5.25 ಇರಬೇಕು. ಆದರೆ ಲೋಡ್ ಇಲ್ಲದೆ ತೆಗೆದ ಅಳತೆಯನ್ನು ನಾನು ನಂಬುವುದಿಲ್ಲ. ಹಳೆಯ ಹಾರ್ಡ್‌ಡಿಸ್ಕನ್ನೋ ವಾಹನದ 12 ವೋಲ್ಟ್ ಬಲ್ಬನ್ನೋ ಜೋಡಿಸಿದಾಗಲೇ ಸುಸ್ತು ಬಯಲಾಗುವುದು: 12 ಇದ್ದದ್ದು 11ಕ್ಕೆ ಕುಸಿಯುತ್ತದೆ. ಬಣ್ಣದ ದೀಪ ತೋರಿಸುವ ಅಗ್ಗದ ಟೆಸ್ಟರ್‌ಗಳು ಇಂಥ ಕಡೆ ಕೈಕೊಡುತ್ತವೆ. ಇನ್ನೂ ಸೂಕ್ಷ್ಮವಾದದ್ದು ಡಿಸಿಯ ಮೇಲೆ ಉಳಿದ ಅಲೆ. ಡೆಸ್ಕ್‌ಟಾಪ್ ಎಸ್‌ಎಂಪಿಎಸ್‌ಗಳಿಗಿರುವ ಎಟಿಎಕ್ಸ್ ನಿಯಮದ ಪ್ರಕಾರ ಅದು 12 ವೋಲ್ಟ್ ಲೈನಿನಲ್ಲಿ 120 ಮಿಲಿವೋಲ್ಟ್, 5 ವೋಲ್ಟ್ ಲೈನಿನಲ್ಲಿ 50 ಮಿಲಿವೋಲ್ಟ್ ದಾಟಬಾರದು. ಮಲ್ಟಿಮೀಟರ್ ಸರಾಸರಿಯನ್ನಷ್ಟೇ ಹೇಳುವುದರಿಂದ ಇದು ಕಾಣುವುದು ಆಸಿಲೋಸ್ಕೋಪಿನಲ್ಲಿ. ಗೇಮ್ ಆಡುವಾಗ ತಾನಾಗಿಯೇ ರೀಸ್ಟಾರ್ಟ್ ಆಗುವ ಯಂತ್ರದ ರೋಗ ಎಷ್ಟೋ ಸಲ ಇಲ್ಲೇ ಅಡಗಿರುತ್ತದೆ.

ಕೆಪಾಸಿಟರ್ ಬದಲಿಸಿದ ಮೇಲೆ ನೇರವಾಗಿ ಮೇನ್ಸ್ ಕೊಡುವುದಿಲ್ಲ. ಹಳೇ ಫಿಲಮೆಂಟ್ ಬಲ್ಬೊಂದನ್ನು ಸೀರೀಸ್‌ನಲ್ಲಿ ಹಾಕಿ ಕೊಡುತ್ತಾರೆ. ಬಲ್ಬು ಮಿಂಚಿ ಮಂಕಾದರೆ ಕ್ಷೇಮ, ಪೂರ್ತಿ ಉರಿದರೆ ಒಳಗೆಲ್ಲೋ ಶಾರ್ಟ್ ಇದೆ. ದುಬಾರಿ ಉಪಕರಣವಿಲ್ಲದೆ ನಮ್ಮ ಮೆಕ್ಯಾನಿಕ್‌ಗಳು ಬಳಸುವ ಈ ಉಪಾಯದ ಮೇಲೆ ನನಗೆ ತುಂಬು ಗೌರವ.

ಡಬ್ಬಿಯನ್ನು ಮನೆಯಲ್ಲಿ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು. ಮದರ್‌ಬೋರ್ಡಿಗೆ ದುಡ್ಡು ಎಣಿಸುವ ಮುನ್ನ ಅಂಗಡಿಯವರಿಗೆ ಎರಡೇ ಮಾತು ಹೇಳಿ: ಚೆನ್ನಾಗಿರುವ ಇನ್ನೊಂದು ಎಸ್‌ಎಂಪಿಎಸ್ ಹಾಕಿ ನೋಡಿ, ಹಳೆಯದನ್ನು ಲೋಡ್ ಕೊಟ್ಟು ಅಳೆಯಿರಿ.